ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಪೂರ್ತಿ ಗರಿಂಚಾ

ಹೋದ ಸಂಚಿಕೇಲಿ ಜನವರಿ 20 ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಗರಿಂಚಾ ಸತ್ತ ದಿನ ಅಂತ ಒಂದೇ ಒಂದು ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹಾಗಾಗಿ ಈ ಸಲ ಅವನದ್ದೇ ಮಾತು, ಕೂದಲು ಉದುರೋದು ಮತ್ತೆ ಸೈಟು ಖಾತೆ ಬಗ್ಗೆ ಕೇಳಿರೋರು ದಯವಿಟ್ಟು ಒಂದು ಸಂಚಿಕೆ ತಡ್ಕೊಳ್ಳಿ.

ಪ್ರಶ್ನೆ: ನಮ್ದು ಬೆಂಗಳೂರಿನ ಗೌತಮಪುರ ಸಾರ್, ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೇನೇ ಇದೆ. ಆದ್ರೆ ನಮ್ಮ ತಾತ ಮಾತ್ರ ಪೆಲೆಗಿಂತ ಗರಿಂಚಾನೇ ಒಂದು ಕೈ ಮೇಲು ಅಂತಿದ್ರು. ಹೌದಾ?

ಉತ್ತರ: ತಾತನ್ನ ಸುಳ್ಳುಗಾರ ಮಾಡೋಕಾಗಲ್ಲ ಕಣ್ರಿ. 1962ರ ವರ್ಲ್ಡ್ ಕಪ್ ಚಿಲಿಲಿ ನಡೀತು, ಪೆಲೆ ಎರಡನೇ ಮ್ಯಾಚಲ್ಲೇ ಪೆಟ್ಟು ಮಾಡ್ಕೊಂಡು ಹೊರಗೆ ಕೂತ. ಆಮೇಲೆ ಟೀಮನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿದ್ದು ಗರಿಂಚಾ, ಕ್ವಾರ್ಟರ್ ಫೈನಲಲ್ಲಿ ಇಂಗ್ಲೆಂಡ್ ಮೇಲೆ ಎರಡು ಗೋಲು, ಸೆಮಿಫೈನಲಲ್ಲಿ ಚಿಲಿ ಮೇಲೆ ಇನ್ನೆರಡು. ಆ ಸೆಮಿಫೈನಲಲ್ಲಿ ರೆಫರಿ ಅವನನ್ನ ಆಚೆ ಕಳಿಸಿದ್ರೂನೂ (ಆಗಿನ್ನೂ ರೆಡ್ ಕಾರ್ಡ್ ಬಂದಿರ್ಲಿಲ್ಲ) ಫೈನಲ್ ಆಡೋಕೆ ಬಿಟ್ರು, ಅದು ಹೆಂಗೆ ಬಿಟ್ರು ಅನ್ನೋದು ಬೇರೆ ಕಥೆ, ಅಂತೂ ಚೆಕೊಸ್ಲೊವಾಕಿಯಾನ 3-1 ಸೋಲಿಸಿ ಕಪ್ ತಂದ್ರು. ಇನ್ನೊಂದು ವಿಷ್ಯ, ಪೆಲೆ ಗರಿಂಚಾ ಇಬ್ರೂ ಜೊತೇಲಿ ಆಡಿದ ಒಂದು ಮ್ಯಾಚನ್ನೂ ಬ್ರೆಜಿಲ್ ಸೋತಿಲ್ಲ. ಯಾರು ದೊಡ್ಡೋರು ಅಂತ ನನ್ನ ಕೇಳಿದ್ರೆ, ಪಕ್ಕದಲ್ಲಿ ಇನ್ನೊಂದು ಪೀಠ ಖಾಲಿ ಇದ್ರೆ ಗರಿಂಚಾದೂ ಒಂದು ಪ್ರತಿಮೆ ನಿಲ್ಲಿಸಿ, ತಾತನಿಗೂ ಸಮಾಧಾನ.

ಪ್ರಶ್ನೆ: ಅವನಿಗೆ ಕಾಲು ಡೊಂಕು ಇತ್ತಂತೆ, ಅಂಥೋನು ಓಡ್ತಿದ್ದಾದ್ರೂ ಹೆಂಗೆ? (ಮೈಸೂರಿನ ಓದುಗರು)

ಉತ್ತರ: ಹುಟ್ಟಿದಾಗ್ಲಿಂದಾನೇ ಡೊಂಕು. ಎರಡೂ ಕಾಲು ಒಂದೇ ಕಡೆಗೆ ಬಾಗಿದ್ವು, ಒಂದು ಇನ್ನೊಂದಕ್ಕಿಂತ ಗಿಡ್ಡ. ರಿಯೊ ಹತ್ರ ಪೌ ಗ್ರಾಂಡಿ ಅಂತ ಬಟ್ಟೆ ಮಿಲ್ಲಿನ ಊರು, ಅಲ್ಲಿ 1933ರಲ್ಲಿ ಹುಟ್ಟಿದ್ದು, ಹುಡುಗನಾಗಿದ್ದಾಗ್ಲೇ ಮಿಲ್ಲಿಗೆ ಕೆಲಸಕ್ಕೆ ಸೇರಿದ್ದ. ಗರಿಂಚಾ ಅನ್ನೋದು ಅಕ್ಕ ಇಟ್ಟ ಅಡ್ಡಹೆಸರು, ಗುಬ್ಬಿಯಷ್ಟು ಪುಟ್ಟ ಹಕ್ಕಿ ಅದು. (ಅಲ್ಲಿಯೋರು ಉಚ್ಚರಿಸೋದು ಸುಮಾರು ಗಹಿಂಶಾ ಅಂತ, ನಮಗೆ ಗರಿಂಚಾನೇ ಸಾಕು.) 1953ರಲ್ಲಿ ಬೊಟಾಫೊಗೊ ಕ್ಲಬ್ಬಿಗೆ ಟ್ರಯಲ್‌ಗೆ ಬಂದಾಗ ಅವನನ್ನ ತಡಿಯೋಕೆ ನಿಂತಿದ್ದು ನಿಲ್ಟನ್ ಸಾಂಟೋಸ್, ಅಂದ್ರೆ ಆ ಕಾಲದ ಬ್ರೆಜಿಲ್ ಟೀಮಿನ ಡಿಫೆಂಡರ್ರು. ಈ ಡೊಂಕುಕಾಲ ಅವನ ಕಾಲಿನ ಸಂದೀಲೇ ಬಾಲ್ ತೂರಿಸಿ ಹೋದ್ನಂತೆ, ಮುಗೀತಿದ್ದಂಗೆ ನಿಲ್ಟನ್ನೇ ಹೋಗಿ ಇವನನ್ನ ಮೊದ್ಲು ಸೇರಿಸ್ಕೊಳ್ಳಿ, ಎದುರು ಟೀಮಲ್ಲಿ ಇವನ ಜೊತೆ ಆಡೋ ಗ್ರಹಚಾರ ನಂಗೆ ಬೇಡ ಅಂದ್ನಂತೆ. ಡೊಂಕು ಕಾಲಿನೋನು ಯಾವಾಗ ತಿರುಗ್ತಾನೆ ಅಂತ ಎದುರಿಗಿರೋನಿಗೆ ಲೆಕ್ಕ ಸಿಗ್ತಿರ್ಲಿಲ್ಲ, ಅಷ್ಟೇ ಗುಟ್ಟು.

ಪ್ರಶ್ನೆ: ಮ್ಯಾಚ್ ಮಧ್ಯೆ ನಾಯಿ ಬಂದಿದ್ದು ನಿಜಾನಾ? (ಶಿವಮೊಗ್ಗದಿಂದ, ಎಂಟನೇ ಕ್ಲಾಸ್)

ಉತ್ತರ: ನಿಜ ಪುಟ್ಟ. 1962ರ ಅದೇ ಇಂಗ್ಲೆಂಡ್ ಮ್ಯಾಚು, ಗರಿಂಚಾ ಕೈಗೂ ಸಿಗದೆ ಓಡಿದ ನಾಯೀನ ಇಂಗ್ಲೆಂಡಿನ ಜಿಮ್ಮಿ ಗ್ರೀವ್ಸ್ ಮಂಡಿಯೂರಿ ಹಿಡಿದ, ಅದು ಅವನ ಜೆರ್ಸಿ ಮೇಲೇ ಉಚ್ಚೆ ಹುಯ್ತು. ಆಮೇಲೆ ಆ ನಾಯಿ ಗರಿಂಚಾ ಮನೆಗೇ ಹೋಯ್ತು.

ಪ್ರಶ್ನೆ: ಬೇಜಾರಾಗ್ಬೇಡಿ, ಅವನು ಕುಡುಕ, ಹೆಂಡ್ತಿಗೆ ಹೊಡೀತಿದ್ದ ಅಂತಾನೂ ಓದಿದೀನಿ. ನಮ್ಮಪ್ಪನೂ ಊರಿನ ಕಬಡ್ಡಿ ಟೀಮಿನ ಹೀರೋನೇ, ಮೈದಾನದಲ್ಲಿ ಚಪ್ಪಾಳೆ ಹೊಡೆದೋರು ರಾತ್ರಿ ನಮ್ಮನೇಲಿ ಇರ್ತಿರ್ಲಿಲ್ಲ. ಇಂಥೋರನ್ನ ಯಾಕೆ ನೆನೆಸ್ಕೋಬೇಕು? (ಹೆಸರು, ಊರು ಬೇಡ)

ಉತ್ತರ: ಬೇಜಾರೇನಿಲ್ಲಮ್ಮ, ಬಂದಿರೋ ಪತ್ರಗಳಲ್ಲಿ ನಾನು ಎರಡು ಸಲ ಓದಿದ್ದು ನಿಮ್ಮದೊಂದೇ. ನೀವು ಓದಿರೋದು ಸುಳ್ಳಲ್ಲ. ಮೊದಲನೇ ಹೆಂಡ್ತಿ, ಎಂಟು ಹೆಣ್ಣುಮಕ್ಕಳನ್ನ ಬಿಟ್ಟು ಎಲ್ಜಾ ಸೊವಾರಿಸ್ ಅನ್ನೋ ಗಾಯಕಿ ಜೊತೆ ಹೋದ, ಆದ್ರೆ ಜನ ಬೈದಿದ್ದು ಅವನನ್ನಲ್ಲ, ಮನೆ ಮುರಿದೋಳು ಅಂತ ಎಲ್ಜಾನ. 1969ರಲ್ಲಿ ಅವನು ಓಡಿಸ್ತಿದ್ದ ಕಾರು ಲಾರಿಗೆ ಗುದ್ದಿ ಎಲ್ಜಾ ತಾಯಿ ಸತ್ತರು. ಹೊಡೆತ ತಡೀಲಾರದೆ ಎಲ್ಜಾ 1977ರಲ್ಲಿ ಬಿಟ್ಟುಹೋದಳು. ಅವನ ಅಪ್ಪನೂ ಕುಡಿದೇ ಹಾಳಾದೋನು, ಖಾಲಿ ಕಾಂಟ್ರಾಕ್ಟಿಗೆ ಸೈನ್ ಹಾಕಿಸ್ಕೊಂಡು ಕ್ಲಬ್ಬು ದುಡಿಸ್ಕೊಳ್ತು, ಮಂಡಿ ಸವೆದುಹೋಗಿ 1964ರಲ್ಲಿ ಆಪರೇಷನ್ ಆಯ್ತು, ಆಮೇಲೆ ಆ ಹಳೇ ಓಟ ಬರ್ಲೇ ಇಲ್ಲ, ಇದೆಲ್ಲಾ ಹೌದು, ಆದ್ರೆ ಎಲ್ಜಾಗೆ ಬಿದ್ದ ಏಟಿಗೆ ಇದ್ಯಾವುದೂ ಉತ್ತರ ಅಲ್ಲ. ನಾನು ಅವನ ಆಟ ನೆನೆಸ್ಕೋತೀನಿ, ನೆನೆಸ್ಕೊಂಡಾಗೆಲ್ಲಾ ಎಲ್ಜಾ ಹೆಸರೂ ಹೇಳ್ತೀನಿ. ಆಕೆ ತೀರ್ಕೊಂಡಿದ್ದು 2022ರಲ್ಲಿ, ಅದೂ ಜನವರಿ 20ನೇ ತಾರೀಕೇ, 39 ವರ್ಷದ ಮೇಲೆ ಅದೇ ದಿನ. ಹಂಗಾಗಿ ಆ ದಿನ ಈಗ ಇಬ್ಬರದ್ದೂ. ನಿಮ್ಮಪ್ಪನ್ನ ನೆನೆಸ್ಕೊಳ್ಳೋದೋ ಬಿಡೋದೋ ಅದು ನಿಮಗೆ ಬಿಟ್ಟಿದ್ದು, ಊರಿನೋರ ಚಪ್ಪಾಳೆಗೆ ನೀವು ತಲೆ ಆಡಿಸ್ಲೇಬೇಕು ಅಂತೇನಿಲ್ಲ.

ಪ್ರಶ್ನೆ: ಸತ್ತಾಗ ಜನ ಹೆಂಗೆ ಕಳಿಸಿಕೊಟ್ರು? ಸಮಾಧಿ ಎಲ್ಲಿದೆ? (ಹುಬ್ಬಳ್ಳಿ)

ಉತ್ತರ: 1983, ವಯಸ್ಸು ಬರೀ 49, ಕುಡಿತದಿಂದ ದೇಹ ಪೂರ್ತಿ ಕೈಕೊಟ್ಟಿತ್ತು. ಹೆಣಾನ ಮರಕನಾ ಸ್ಟೇಡಿಯಮ್ಮಿಗೆ ತಂದ್ರು, ಪೆಟ್ಟಿಗೆ ಮೇಲೆ ಬೊಟಾಫೊಗೊ ಬಾವುಟ, ಅಲ್ಲಿಂದ ಫೈರ್ ಇಂಜಿನ್ ಮೇಲಿಟ್ಟು ಪೌ ಗ್ರಾಂಡಿವರೆಗೂ ಮೆರವಣಿಗೆ, ದಾರಿ ಉದ್ದಕ್ಕೂ ಸಾವಿರಾರು ಜನ. ಜನರ ಸಂತೋಷ ಅಂತ ಅವನಿಗೆ ಬಿರುದಿತ್ತು, ಸಮಾಧಿ ಕಲ್ಲಲ್ಲೂ ಅದನ್ನೇ ಕೆತ್ತಿಸಿದ್ರು. ನನಗೆ ಹೊಟ್ಟೆ ಉರಿಯೋದು ಇಲ್ಲಿ, ಮೂರು ವರ್ಷ ಮುಂಚೆ 1980ರ ಕಾರ್ನಿವಲ್ಲಲ್ಲಿ ಅದೇ ಜನರ ಮುಂದೆ ಅವನನ್ನ ಅಲಂಕಾರದ ಗಾಡಿ ಮೇಲೆ ಕೂರಿಸಿ ಕರ್ಕೊಂಡು ಹೋಗಿದ್ರು, ಮುಖದಲ್ಲಿ ಕಳೆ ಇಲ್ಲ, ಮಂಕು ಬಡಿದೋನ ಥರ ಕೂತಿದ್ದ, ಎಲ್ರೂ ನೋಡಿದ್ರು. ಸಮಾಧಿ ಅಂದ್ರಲ್ಲ, 2017ರಲ್ಲಿ ಮೂಳೆಗಳು ಎಲ್ಲಿವೆ ಅಂತಾನೇ ಗೊತ್ತಾಗ್ತಿಲ್ಲ ಅನ್ನೋ ಸುದ್ದಿ ಹೊರಗೆ ಬಂತು, ಯಾವಾಗ್ಲೋ ತೆಗೆದು ಬೇರೆ ಕಡೆ ಇಟ್ರಂತೆ, ಕಾಗದಪತ್ರ ಇಲ್ಲ, ಮನೆಯೋರಿಗೂ ಗೊತ್ತಿಲ್ಲ. ಬ್ರೆಜಿಲ್ ರಾಜಧಾನಿ ಬ್ರೆಸಿಲಿಯಾದಲ್ಲಿ ಮಾತ್ರ ಅವನ ಹೆಸರಲ್ಲಿ ದೊಡ್ಡ ಸ್ಟೇಡಿಯಂ ಇದೆ.

ಪ್ರಶ್ನೆ: ಅವನ ಆಟ ಈಗ ನೋಡೋಕೆ ಸಿಗುತ್ತಾ? (ಮಂಗಳೂರು)

ಉತ್ತರ: ಸಿಗುತ್ತೆ, ಬ್ಲ್ಯಾಕ್ ಅಂಡ್ ವೈಟು, ಅಲ್ಲಲ್ಲಿ ಮಸುಕು. ಅವನನ್ನ ಬಿಟ್ಟು ಎದುರಿಗಿರೋ ಡಿಫೆಂಡರನ್ನ ನೋಡಿ. ಗರಿಂಚಾ ರೈಟ್ ವಿಂಗಲ್ಲಿ ಬಾಲ್ ಮುಂದಿಟ್ಕೊಂಡು ಸುಮ್ನೆ ನಿಲ್ತಾನೆ, ಎಡಕ್ಕೆ ವಾಲ್ತಾನೆ, ಆಮೇಲೆ ಬಲಕ್ಕೆ ಹೋಗ್ತಾನೆ. ಮತ್ತೆ ಅದೇ, ಮತ್ತೆ ಅದೇ. ಬಲಕ್ಕೇ ಹೋಗೋದು ಅಂತ ಡಿಫೆಂಡರಿಗೂ ಗೊತ್ತು, ಸ್ಟೇಡಿಯಮ್ಮಿಗೆಲ್ಲಾ ಗೊತ್ತು, ಆದ್ರೂ ಆ ಪುಣ್ಯಾತ್ಮ ಪ್ರತೀ ಸಲ ಎಡಕ್ಕೇ ಬೀಳ್ತಾನೆ.