ಬಳಚು ಸಿಗುವ ಕೆಸರಿನಲ್ಲಿ ಕಾಂಡ್ಲಾ ನೆಡಬೇಕೇ?

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ದಂಡೆಯ ಊರು. ಇಳಿತದ ಹೊತ್ತಿನಲ್ಲಿ ನಮ್ಮ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಬಯಲಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುತ್ತೇವೆ ಎಂದು ಒಂದು ಸಂಸ್ಥೆಯವರು ಬಂದಿದ್ದಾರೆ. ಬೇಡ ಎಂದರೆ ಪರಿಸರದ ವಿರೋಧಿಗಳು ಎನ್ನುತ್ತಾರೆ. ಇತ್ತ ಒಡ್ಡು ಒಡೆದು ಪಾಳು ಬಿದ್ದ ನಮ್ಮ ಗಜನಿಯಲ್ಲಿ (ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಯಲ್ಲಿ) ಯಾರೂ ನೆಡದೆ ಕಾಂಡ್ಲಾ ಎದ್ದಿದೆ. ಅದರ ಸೊಪ್ಪನ್ನು ದನಕ್ಕೆ ಕಡಿಯಬಹುದೇ?

ಉತ್ತರ: ಬೇಡ ಎಂದದ್ದು ಸರಿ. ಕಾಂಡ್ಲಾದ ಬಗ್ಗೆ ನನಗಿರುವ ಪ್ರೀತಿ ಕಡಿಮೆಯದಲ್ಲ, ಆದರೂ ಇದನ್ನೇ ಹೇಳುತ್ತೇನೆ.

ಬಳಚು ಬದುಕುವುದು ಮರಳು ಬೆರೆತ, ಬಿಸಿಲಿಗೂ ಭರತಕ್ಕೂ ತೆರೆದುಕೊಂಡ ನೆಲದಲ್ಲಿ. ಕಾಂಡ್ಲಾದ ಬೇರುಗಳು ನೀರಿನ ಓಟವನ್ನು ತಡೆದು ಸಣ್ಣ ಹೂಳನ್ನು ಹಿಡಿದಿಡುತ್ತವೆ. ವರ್ಷಗಳು ಕಳೆದಂತೆ ಆ ನೆಲ ಏರುತ್ತದೆ, ಜೇಡಿಯಾಗುತ್ತದೆ. ಸಸಿ ಗೆದ್ದರೆ ಬಳಚು ಹೋಯಿತು. ದೂರದಿಂದ ಬರುವ ಉಲ್ಲಂಕಿಗಳಂಥ ಹಕ್ಕಿಗಳೂ ಮೇಯುವುದು ಇಂಥ ಬಯಲಿನಲ್ಲೇ. ನಿಮ್ಮ ಅಳಿವೆಗೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆ ಮನ್ನಣೆ ಮರಗಳಿಗೆ ಮಾತ್ರ ಸಂದದ್ದಲ್ಲ, ಬೋಳಾಗಿ ಕಾಣುವ ಕೆಸರಿಗೂ ಸಂದದ್ದು.

ಸಸಿ ಗೆಲ್ಲುವುದೂ ಅನುಮಾನವೇ. ಕಾಂಡ್ಲಾ ನೀರಿನ ಗಿಡ ಎಂಬ ಮಾತು ಅರ್ಧ ನಿಜ. ಅದಕ್ಕೆ ಭರತದಲ್ಲಿ ಕಾಲು ನೆನೆಯಬೇಕು, ಆದರೆ ದಿನದ ಹೆಚ್ಚು ಹೊತ್ತು ಬೇರಿಗೆ ಗಾಳಿ ಸಿಗಬೇಕು. ತೀರಾ ತಗ್ಗಿನಲ್ಲಿ ನೆಟ್ಟರೆ ಉಸಿರು ಕಟ್ಟಿ, ಕಾಂಡಕ್ಕೆ ಚಿಪ್ಪು ಹುಳ ಮೆತ್ತಿ ಸಾಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ಕೋಟಿಗಟ್ಟಲೆ ಹಣ ಸುರಿದು ನೆಟ್ಟ ಸಸಿಗಳಲ್ಲಿ ಕೊನೆಗೆ ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು. ಖಾಲಿ ಸಿಕ್ಕಿದ ಜಾಗ, ಯಾರೂ ತಕರಾರು ಮಾಡದ ಜಾಗ ಎಂದು ತಗ್ಗಿನ ಬಯಲಿಗೆ ಇಳಿದದ್ದೇ ಅಲ್ಲಿನ ದೊಡ್ಡ ತಪ್ಪು. ನೆಟ್ಟ ದಿನದ ಫೋಟೊ ಎಲ್ಲರ ಬಳಿಯೂ ಇರುತ್ತದೆ. ಮೂರನೆಯ ವರ್ಷದ ಫೋಟೊ ತೋರಿಸಿ ಎಂದು ಆ ಸಂಸ್ಥೆಯವರನ್ನು ಕೇಳಿ ನೋಡಿ.

ಉತ್ತರ ನಿಮ್ಮ ಗಜನಿಯಲ್ಲೇ ಇದೆ. ಒಡ್ಡು ಒಡೆಯಿತು, ಭರತದ ನೀರು ಒಳಗೆ ಬಂದು ಹೋಗತೊಡಗಿತು, ನೀರಿನ ಜೊತೆ ತೇಲಿ ಬಂದ ಬೀಜ ತನಗೆ ಹೊಂದುವ ಎತ್ತರದಲ್ಲಿ ನಿಂತಿತು. ಅಮೆರಿಕದ ರಾಬಿನ್ ಲೂಯಿಸ್ ಎಂಬ ತಜ್ಞರು ಹೇಳಿಕೊಟ್ಟದ್ದು ಇದನ್ನೇ: ಮೊದಲು ನೀರಿನ ದಾರಿ ಸರಿಪಡಿಸಿ, ಆಮೇಲೂ ಬೀಜ ಬಾರದಿದ್ದರೆ ಮಾತ್ರ ನೆಡಿ. ಸಿಗಡಿ ಕೆರೆಗಳಿಗೆ ಬಿಳಿ ಚುಕ್ಕೆ ರೋಗ ಬಡಿದು 1990ರ ದಶಕದಲ್ಲಿ ಪಾಳು ಬಿದ್ದ ಜಮೀನುಗಳಿಗೂ ಇದೇ ಮದ್ದು.

ಹಾಗಾದರೆ ನೆಡುವುದು ಎಲ್ಲಿ? ನಿಮ್ಮ ಹಿರಿಯರು ನೆಟ್ಟ ಕಡೆಯಲ್ಲಿ. ಉಪ್ಪು ತಾಳುವ ಕಗ್ಗ ಭತ್ತದ ಗಜನಿಗಳ ಒಡ್ಡು ಕೊಚ್ಚಿ ಹೋಗದಂತೆ ಹೊರಮೈಗೆ ಕಾಂಡ್ಲಾ ಹಚ್ಚುವುದು ನಿಮ್ಮ ಕಡೆಯ ಹಳೆಯ ರೂಢಿ. ಒಡ್ಡಿನ ಹೊರಬದಿ, ಭರತದ ನೀರು ಹರಿಯುವ ಕೋಡಿಗಳ ಅಂಚು, ಎಳೆಯ ಕಾಂಡ್ಲಾ ತಾನಾಗಿ ನಿಂತಿರುವ ಮಟ್ಟ, ಇವೇ ಸರಿಯಾದ ಜಾಗಗಳು. ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಮೊಳಕೆ ಮರದಲ್ಲೇ ನುಗ್ಗೆಕಾಯಿಯಂತೆ ಜೋತು ಬಿದ್ದಿರುತ್ತದೆ. ಬಲಿತದ್ದನ್ನು ಆರಿಸಿ ಮೂರನೇ ಒಂದು ಪಾಲು ಕೆಸರಿಗೆ ಊರಿದರೆ ಸಾಕು, ನರ್ಸರಿ ಬೇಡ.

ಸೊಪ್ಪಿನ ವಿಷಯಕ್ಕೆ ಬರೋಣ. ಪಟ್ಟಾ ಜಮೀನು ಎಂಬ ಧೈರ್ಯದಿಂದ ಕತ್ತಿ ಹಾಕಬೇಡಿ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಾಂಡ್ಲಾವನ್ನು ಅತ್ಯಂತ ಬಿಗಿಯಾದ 1ಎ ವರ್ಗದಲ್ಲಿ ಇಟ್ಟಿದೆ. ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಿರಿ, ಒಬ್ಬೊಬ್ಬರಾಗಿ ಹೋಗುವ ಬದಲು ಗ್ರಾಮ ಅರಣ್ಯ ಸಮಿತಿಯ ಮೂಲಕ ಹೋಗಿ. ಗಿಡದ ಸ್ವಭಾವವೂ ಗೊತ್ತಿರಲಿ: ಅವಿಸೀನಿಯಾ ಎಂಬ ಇನ್ನೊಂದು ಕಾಂಡ್ಲಾ ಸವರಿದರೆ ಮತ್ತೆ ಚಿಗುರುತ್ತದೆ, ದನಗಳೂ ಅದನ್ನು ಇಷ್ಟಪಡುತ್ತವೆ. ಊರುಗೋಲಿನಂಥ ಬೇರಿನ ರೈಜೋಫೋರಾದ ದಪ್ಪ ಕೊಂಬೆ ಕಡಿದರೆ ಅಲ್ಲಿಂದ ಚಿಗುರು ಬರುವುದಿಲ್ಲ. ಎರಡನ್ನೂ ಒಂದೇ ಕತ್ತಿಯಲ್ಲಿ ಸವರುವ ಅನುಮತಿ ಸಿಕ್ಕರೂ ತೆಗೆದುಕೊಳ್ಳಬೇಡಿ.

ಇನ್ನೊಂದು ಕೆಲಸ ಈ ಮಳೆಗಾಲಕ್ಕೆ ಮುಂಚೆಯೇ ಆಗಲಿ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಳಚು ಆರಿಸುವ ಹೆಂಗಸರನ್ನೇ ಕೂರಿಸಿಕೊಂಡು ಯಾವ ತಿಂಗಳು ಎಲ್ಲಿ ಏನು ಸಿಗುತ್ತದೆ ಎಂದು ನಕ್ಷೆ ಬರೆಸಿ, ಸಮಿತಿಯ ದಾಖಲೆಗೆ ಸೇರಿಸಿ. ಮುಂದಿನ ಬಾರಿ ಸಸಿ ಹೊತ್ತು ಬಂದವರಿಗೆ ಜಗಳದ ಬದಲು ಆ ನಕ್ಷೆ ತೋರಿಸಬಹುದು.

ಪ್ರಶ್ನೆ: ಕಾಂಡ್ಲಾ ಉಳಿಸಿದ ಊರಿಗೆ ಕಾರ್ಬನ್ ಹಣ ಬರುತ್ತದೆಯಂತೆ, ನಿಜವೇ? (ಮಂಗಳೂರಿನ ಓದುಗರು)

ಉತ್ತರ: ಕೆಲವು ಕಡೆ ನಿಜ. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ ‘ಮಿಕೋಕೊ ಪಮೋಜಾ’ ಎಂಬ ಊರವರ ಯೋಜನೆ 2013ರಿಂದ ನಡೆಯುತ್ತಿದೆ. 117 ಹೆಕ್ಟೇರ್ ಕಾಂಡ್ಲಾ ಕಾಯ್ದು, ಹಾಗೆ ಗಾಳಿಗೆ ಸೇರದಂತೆ ತಡೆದ ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ನ ಲೆಕ್ಕವನ್ನು (ಕಾರ್ಬನ್ ಕ್ರೆಡಿಟ್) ಮಾರುತ್ತಾರೆ. ಆ ಹಣ ಕುಡಿಯುವ ನೀರಿಗೆ, ಶಾಲೆಗೆ ಹೋಗಿದೆ. ಸೌದೆಗೆ ಕಾಂಡ್ಲಾ ಕಡಿಯದಂತೆ ಬೇರೆಡೆ ಗಾಳಿಮರವನ್ನೂ ಬೆಳೆಸಿದ್ದಾರೆ. ಈ ಕೊನೆಯ ಸಂಗತಿಯನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಅಳತೆ, ತಪಾಸಣೆ, ಖರೀದಿದಾರರನ್ನು ಹುಡುಕುವ ಖರ್ಚು ಕಳೆದರೆ ಮನೆಮನೆಗೆ ಹಂಚುವಷ್ಟು ಹಣ ಉಳಿಯುವುದಿಲ್ಲ. ನಿಮ್ಮೂರಿಗೆ ಯಾರಾದರೂ ಕರಾರುಪತ್ರ ತಂದರೆ ಸಹಿಗೆ ಮೊದಲು ಎರಡು ವಿಷಯ ಓದಿ: ಎಷ್ಟು ವರ್ಷ, ಮತ್ತು ಆ ವರ್ಷಗಳಲ್ಲಿ ಮೀನು, ಏಡಿ ಹಿಡಿಯಲು ಒಳಗೆ ಹೋಗುವ ಹಕ್ಕು ಯಾರದು.