ಬಿಟ್ಟ ಚೆಂಡಿಗೂ ಇಲ್ಲಿ ಲೆಕ್ಕ ಇದೆ

ಬಾಸ್ಟನ್‌ಗೆ ಬಂದು ಮೂರು ತಿಂಗಳಾಯ್ತು, ಊಟದ ಹೊತ್ತಿಗೆ ಆಫೀಸಿನವರೆಲ್ಲ ಬೇಸ್‌ಬಾಲ್ ಮಾತಾಡುತ್ತಾರೆ, ಯಾರೋ "ಅವನು ತ್ರೀ ಹಂಡ್ರೆಡ್ ಹಿಟ್ಟರ್" ಅಂದಾಗ ಮುನ್ನೂರು ರನ್ನಾ ಅಂತ ಕೇಳಿಬಿಟ್ಟೆ ಎಂದು ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ನಾನು ಈ ಊರಿಗೆ ಬಂದು ಹದಿನೆಂಟು ವರ್ಷ, ನನಗೂ ಇದು ತಲೆಗೆ ಹತ್ತಲು ಎರಡು ಬೇಸಿಗೆ ಹಿಡಿಯಿತು.

ಮೊದಲು ಕ್ರಿಕೆಟ್ ಸರಾಸರಿಯನ್ನು ಮರೆತುಬಿಡಿ. ಅಲ್ಲಿ ಹೊಡೆದ ರನ್ನನ್ನು ಎಷ್ಟು ಸಲ ಔಟಾದ ಅನ್ನೋದರಿಂದ ಭಾಗಿಸುತ್ತೇವೆ. ಇಲ್ಲಿನ ಬ್ಯಾಟಿಂಗ್ ಆವರೇಜ್‌ನಲ್ಲಿ ರನ್ನಿನ ಮಾತೇ ಇಲ್ಲ. ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ, ಅಂದರೆ ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿಗಳಿಂದ, ಭಾಗಿಸುತ್ತಾರೆ, ಅಷ್ಟೇ. ಚೆಂಡು ಹೊಡೆದು ಫೀಲ್ಡರ್‌ನ ಎಡವಟ್ಟಿನಿಂದಲ್ಲದೆ ಬೇಸ್ (ಬ್ಯಾಟರ್ ಓಡಿ ತಲುಪಬೇಕಾದ ಗುರುತು) ಮುಟ್ಟಿದರೆ ಒಂದು ಹಿಟ್. 10ಕ್ಕೆ 3 ಬಂದರೆ 0.300, ಅದೇ ತ್ರೀ ಹಂಡ್ರೆಡ್. ಹತ್ತರಲ್ಲಿ ಏಳು ಸಲ ಸೋತವನು ಒಳ್ಳೆಯ ಬ್ಯಾಟರ್ ಹೇಗಾಗುತ್ತಾನೆ ಅನ್ನಿಸುತ್ತದೆ ಅಲ್ವಾ? ಬ್ಯಾಟು ಗುಂಡಗಿದೆ, ಚೆಂಡು ನೆಲಕ್ಕೆ ಬೀಳದೆ ಗಂಟೆಗೆ 95 ಮೈಲಿ ವೇಗದಲ್ಲಿ ಬರುತ್ತದೆ, ಹಿಂದಕ್ಕೆ ಸವರಿ ಬೌಂಡರಿ ಗಿಟ್ಟಿಸೋಣ ಅಂದರೆ ಅದು ಫೌಲ್, ಅಂದರೆ ಗೆರೆಯಾಚೆ ಹೋದ ಹೊಡೆತ, ಅದಕ್ಕೆ ಏನೂ ಸಿಗದು. ಕಷ್ಟದ ಕೆಲಸ ಅದು.

ಆದರೆ ನೀವು ನಿಜವಾಗಿ ನೋಡಬೇಕಾದದ್ದು ಇನ್ನೊಂದು ಅಂಕಿ, ಆನ್-ಬೇಸ್ ಪರ್ಸೆಂಟೇಜ್, ಅಂದರೆ ಬ್ಯಾಟಿಗೆ ಬಂದ ಸಲಗಳಲ್ಲಿ ಎಷ್ಟು ಪಾಲು ಬೇಸ್ ತಲುಪಿದ ಅನ್ನೋದು. ಪಿಚರ್ (ಇಲ್ಲಿನ ಬೌಲರ್) ನಾಲ್ಕು ಚೆಂಡನ್ನು ಸ್ಟ್ರೈಕ್ ಜೋನ್‌ನಿಂದ, ಅಂದರೆ ಬ್ಯಾಟರ್ ಹೊಡೆಯಬಹುದಾದ ಚೌಕದಿಂದ, ಆಚೆ ಎಸೆದು, ಬ್ಯಾಟರ್ ಅವಕ್ಕೆ ಬ್ಯಾಟು ಬೀಸದೆ ಬಿಟ್ಟರೆ, ಅವನು ಮೊದಲ ಬೇಸಿಗೆ ಸುಮ್ನೆ ನಡೆದು ಹೋಗಬಹುದು. ಅದೇ ವಾಕ್. ಆವರೇಜ್‌ನಲ್ಲಿ ಈ ವಾಕ್‌ಗೆ ಜಾಗವೇ ಇಲ್ಲ, ಹಿಟ್ಟೂ ಅಲ್ಲ, ಅಟ್-ಬ್ಯಾಟೂ ಅಲ್ಲ. ಆನ್-ಬೇಸ್‌ನಲ್ಲಿ ಎಣಿಸುತ್ತಾರೆ. ಟೆಸ್ಟ್‌ನಲ್ಲಿ 31,258 ಚೆಂಡು ಎದುರಿಸಿದ ದ್ರಾವಿಡ್ ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಡುವುದನ್ನು ನೋಡಿ ಬೆಳೆದವರು ನಾವು. ಆ ಬಿಟ್ಟ ಚೆಂಡಿಗೆ ಸ್ಕೋರ್‌ಬೋರ್ಡಿನಲ್ಲಿ ಏನೂ ಸಿಗುತ್ತಿರಲಿಲ್ಲ. ಇಲ್ಲಿ ಸಿಗುತ್ತದೆ! ನನಗೆ ಈ ಆಟ ಹಿಡಿಸಿದ್ದೇ ಅದಕ್ಕೆ.

ಒಂದು ರಾತ್ರಿ ಇಲ್ಲಿನ ರೆಡ್ ಸಾಕ್ಸ್ ತಂಡದ ಮೈದಾನ ಫೆನ್ವೇ ಪಾರ್ಕಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜ ತೊಡೆಯ ಮೇಲೆ ಸ್ಕೋರ್‌ಕಾರ್ಡ್ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಒಂದೊಂದನ್ನೂ ಬರೆಯುತ್ತಿದ್ದರು. ಒಬ್ಬ ಬ್ಯಾಟರ್ ನಾಲ್ಕು ಸಲ ಬಂದ: ಒಂದು ಹಿಟ್, ಒಂದು ವಾಕ್, ಎರಡು ಸಲ ಔಟ್. ವಾಕ್ ಆದಾಗ ಅಜ್ಜ ಹಿಟ್‌ಗೆ ತಟ್ಟಿದಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ಕಾರ್ಡಿನ ಅಂಚಲ್ಲಿ ಲೆಕ್ಕ ಮಾಡಿ ತೋರಿಸಿದರು: ಆವರೇಜ್ ಮೂರಕ್ಕೆ ಒಂದು, 0.333. ಆನ್-ಬೇಸ್ ನಾಲ್ಕಕ್ಕೆ ಎರಡು, 0.500. ಅವತ್ತು ನನಗೆ ಎಲ್ಲಾ ಬಿಡಿಸಿದಂತಾಯಿತು.

ಸ್ಲಗಿಂಗ್ ಅನ್ನೋದು ಹೊಡೆತದ ತೂಕ. ಒಂದೇ ಹೊಡೆತಕ್ಕೆ ಎಷ್ಟು ಬೇಸ್ ದಾಟಿದ ಅನ್ನೋದರ ಮೇಲೆ ಸಿಂಗಲ್‌ಗೆ 1, ಡಬಲ್‌ಗೆ 2, ಟ್ರಿಪಲ್‌ಗೆ 3, ಹೋಮ್ ರನ್‌ಗೆ 4, ಎಲ್ಲ ಕೂಡಿಸಿ ಅಟ್-ಬ್ಯಾಟ್‌ಗಳಿಂದ ಭಾಗಿಸಿ. ಆನ್-ಬೇಸ್‌ಗೆ ಸ್ಲಗಿಂಗ್ ಸೇರಿಸಿದರೆ ಓಪಿಎಸ್. 0.800 ದಾಟಿದರೆ ಒಳ್ಳೆಯ ಬ್ಯಾಟರ್ ಅಂತ ಧೈರ್ಯವಾಗಿ ಹೇಳಿ.

ಬಾಸ್ಟನ್‌ನಲ್ಲಿ ಇದ್ದ ಮೇಲೆ ರೆಡ್ ಸಾಕ್ಸ್‌ನ ಹಳೆಯ ಬ್ಯಾಟರ್ ಟೆಡ್ ವಿಲಿಯಮ್ಸ್ ಹೆಸರು ಗೊತ್ತಿರಲೇಬೇಕು. 1941ರ ಸೀಸನ್ನಿನ ಕೊನೆಯ ದಿನದ ಬೆಳಿಗ್ಗೆ ಅವನ ಆವರೇಜ್ 0.39955. ಆಡದೆ ಕೂತಿದ್ದರೂ 0.400 ಅಂತಲೇ ದಾಖಲಾಗುತ್ತಿತ್ತು. ಅವನು ಕೂರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅವತ್ತಿನ ಎರಡೂ ಪಂದ್ಯ ಆಡಿ, 8ಕ್ಕೆ 6 ಹಿಟ್ ಹೊಡೆದು 0.406ಕ್ಕೆ ಮುಗಿಸಿದ. ಇಲ್ಲಿನ ಎರಡು ದೊಡ್ಡ ಲೀಗ್‌ಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಅದಾದ ಮೇಲೆ ಯಾರೂ ನಾನೂರು ಮುಟ್ಟಿಲ್ಲ. ಅದಕ್ಕಿಂತ ಜಾಸ್ತಿ ನನ್ನ ಕಣ್ಣಿಗೆ ಬೀಳುವುದು ಅದೇ ವರ್ಷದ 147 ವಾಕ್, 0.553 ಆನ್-ಬೇಸ್. ಬಂದ ಸಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಬೇಸ್ ಮೇಲಿದ್ದ ಮನುಷ್ಯ!

ಫೆನ್ವೇಯಲ್ಲಿ ಬಲಗಡೆ ಹಸಿರು ಸೀಟುಗಳ ನಡುವೆ ಒಂದೇ ಒಂದು ಕೆಂಪು ಸೀಟಿದೆ. 1946ರಲ್ಲಿ ಅವನು ಹೊಡೆದ 502 ಅಡಿಯ ಹೋಮ್ ರನ್ ಬಿದ್ದ ಜಾಗ ಅದು. ಹೋಗಿ ನೋಡಿ. ಏಪ್ರಿಲ್‌ನಲ್ಲಿ ಹೋದರೆ ಸ್ವೆಟರ್ ಮರೆಯಬೇಡಿ, ಕತ್ತಲಾದ ಮೇಲೆ ಚಳಿ ಜೋರು.