ಕ್ಯಾಮೆರಾದ ಪಾಪ್‌-ಅಪ್ ಫ್ಲ್ಯಾಶ್ ಮೇಲೇಳುತ್ತಿಲ್ಲ, ನಾನೇ ಬಿಚ್ಚಿ ನೋಡಬಹುದಾ?

ದಯವಿಟ್ಟು ಬಿಚ್ಚಬೇಡಿ. ಡಿಎಸ್‌ಎಲ್‌ಆರ್‌ನ ಫ್ಲ್ಯಾಶ್ ಏಳುತ್ತಿಲ್ಲ, ಎರಡು ಸಲ ಎರರ್ 05 ಬಂತು, ಮುಂದಿನ ವಾರ ತಂಗಿಯ ಮದುವೆ ಎಂದು ಬರೆದಿದ್ದೀರಿ. ನಿಮ್ಮ ಅವಸರ ಅರ್ಥವಾಗುತ್ತದೆ. ಆದರೆ ಫ್ಲ್ಯಾಶಿಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಒಳಗಿದೆ. ಅದರಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದರೂ ಅದು ಕೂಡಲೇ ಇಳಿಯುವುದಿಲ್ಲ. ಸ್ಕ್ರೂಡ್ರೈವರ್ ತುದಿ ತಾಗಿದರೆ ನಿಮಗೂ ಪೆಟ್ಟು, ಕ್ಯಾಮೆರಾಗೂ ಪೆಟ್ಟು.

ಕ್ಯಾನನ್ ಕ್ಯಾಮೆರಾಗಳಲ್ಲಿ ಎರರ್ 05 ಅಂದರೆ, ಫ್ಲ್ಯಾಶ್ ಎತ್ತಲು ನೋಡಿದೆ, ಅದು ಏಳಲಿಲ್ಲ ಎಂದು ಅರ್ಥ. ಒಮ್ಮೆ ಆಫ್ ಮಾಡಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಹಾಕಿ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಮೋಡ್ ಡಯಲ್ ಅನ್ನು 'ಪಿ'ಗೆ ತಿರುಗಿಸಿ, ಮಿಂಚಿನ ಗುರುತಿರುವ ಬಟನ್ ಒತ್ತಿ. ಕಿವಿ ಹತ್ತಿರ ಇಟ್ಟು ಕೇಳಿ. 'ಟಿಕ್' ಅಂತ ಸಣ್ಣ ಸದ್ದು ಬರುತ್ತದಾ? ಇಡೀ ಪತ್ತೆ ಕೆಲಸ ನಿಂತಿರುವುದು ಇದರ ಮೇಲೆ.

ಟಿಕ್ ಬಂದರೆ ಒಳಗಿನ ಕೊಕ್ಕೆ ಕೆಲಸ ಮಾಡುತ್ತಿದೆ. ಕೊಕ್ಕೆ ಬಿಟ್ಟ ತಕ್ಷಣ ಫ್ಲ್ಯಾಶನ್ನು ಮೇಲಕ್ಕೆ ತಳ್ಳುವುದು ಸಣ್ಣ ಸ್ಪ್ರಿಂಗ್. ಅದಕ್ಕೆ ಬಲ ತುಂಬಾ ಕಡಿಮೆ. ಕೀಲಿನಲ್ಲಿ ಒಂದಿಷ್ಟು ಧೂಳು, ಮರಳು, ಒಣಗಿದ ಜ್ಯೂಸ್ ಇದ್ದರೂ ಸಾಕು, ಎತ್ತಲಾರದೆ ನಿಲ್ಲುತ್ತದೆ.

ನನ್ನ ಕ್ಯಾಮೆರಾದಲ್ಲಿ ಸಿಕ್ಕಿದ್ದು ಒಂದು ಅಕ್ಷತೆ ಕಾಳು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮಂಟಪದ ಪಕ್ಕದಲ್ಲೇ ನಿಂತಿದ್ದೆ. ಫ್ಲ್ಯಾಶ್ ತೆರೆದೇ ಇತ್ತು. ಗಟ್ಟಿಮೇಳ ಶುರುವಾಯಿತು, ಎಲ್ಲರೂ ಅಕ್ಷತೆ ಹಾಕಿದರು. ಫೋಟೊ ತೆಗೆದು ಫ್ಲ್ಯಾಶ್ ಒತ್ತಿ ಮುಚ್ಚಿದೆ. ಮರುದಿನ ಅದು ಏಳಲೇ ಇಲ್ಲ. ರಿಪೇರಿ ಅಂಗಡಿಯಲ್ಲಿ ಇಡೀ ಫ್ಲ್ಯಾಶ್ ಭಾಗವನ್ನೇ ಬದಲಿಸಬೇಕು ಅಂದರು. ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದರೆ ಕೀಲಿನ ಸಂದಿಯಲ್ಲಿ ಹಳದಿ ಬಣ್ಣ ಕಂಡಿತು. ಅರಿಶಿನ, ತುಪ್ಪ ಸವರಿದ ಅಕ್ಕಿ ಅಲ್ವಾ, ಅಲ್ಲೇ ಅಂಟಿಕೊಂಡಿತ್ತು.

ಅದನ್ನು ಬಿಡಿಸಿದ ರೀತಿಯನ್ನೇ ನಿಮಗೂ ಹೇಳುತ್ತೇನೆ. ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು, ರಬ್ಬರ್ ಬ್ಲೋವರ್‌ನಿಂದ ಫ್ಲ್ಯಾಶಿನ ಸುತ್ತಲ ಸಂದಿಗೆ ಗಾಳಿ ಹೊಡೆಯಿರಿ. ಮೆತ್ತನೆಯ ಒಣ ಬ್ರಷ್ಷಿನಿಂದ ಕೀಲಿನ ಎರಡೂ ಬದಿ ಒರೆಸಿ. ನಂತರ ಫ್ಲ್ಯಾಶನ್ನು ಬೆರಳಿನಿಂದ ಸ್ವಲ್ಪ ಕೆಳಕ್ಕೆ ಅದುಮಿ. ಹಾಗೆ ಅದುಮಿರುವಾಗಲೇ ಬಟನ್ ಒತ್ತಿ, ಬೆರಳು ತೆಗೆಯಿರಿ. ಕೊಕ್ಕೆಯ ಮೇಲಿನ ಬಿಗಿ ಸಡಿಲವಾಗಿ ಎಷ್ಟೋ ಸಲ ಇಷ್ಟಕ್ಕೇ ಎದ್ದುಬಿಡುತ್ತದೆ. ಏಳದಿದ್ದರೆ ಇನ್ನೊಬ್ಬರಿಗೆ ಬಟನ್ ಒತ್ತಲು ಹೇಳಿ. ಟಿಕ್ ಅಂದ ಕ್ಷಣದಲ್ಲಿ ನೀವು ಎರಡೂ ಅಂಚಿಗೆ ಉಗುರು ಕೊಟ್ಟು ಹಗುರವಾಗಿ ಎತ್ತಿ. ಚಾಕು, ಪಿನ್ನು ಹಾಕಿ ಮೀಟಬೇಡಿ. ಪ್ಲಾಸ್ಟಿಕ್ ಕೊಕ್ಕೆ ಮುರಿದರೆ ಆಮೇಲೆ ಮುಚ್ಚಿ ನಿಲ್ಲುವುದೂ ಇಲ್ಲ. ಎಣ್ಣೆಯನ್ನಂತೂ ಬಿಡಲೇಬೇಡಿ. ಈವತ್ತು ಜಾರುತ್ತದೆ, ನಾಳೆ ಅದೇ ಜಿಡ್ಡಿಗೆ ಧೂಳು ಜಾಸ್ತಿ ಮೆತ್ತಿಕೊಳ್ಳುತ್ತದೆ.

ಸದ್ದೇ ಬರದಿದ್ದರೆ ಮೇಲಿನ ಹಾಟ್ ಶೂ ನೋಡಿ, ಅಂದರೆ ಹೊರಗಿನ ಫ್ಲ್ಯಾಶ್ ಕೂರಿಸುವ ಜಾಗ. ಹಲವು ಕ್ಯಾಮೆರಾಗಳಲ್ಲಿ ಅದರ ಹಳಿಯೊಳಗೆ ಕಣ್ಣಿಗೆ ಬೀಳದಷ್ಟು ಸಣ್ಣ ಸ್ವಿಚ್ ಇರುತ್ತದೆ. ಕೊಳೆ ಸೇರಿ ಅದು ಒತ್ತಿದಂತೆಯೇ ಉಳಿದರೆ, ಹೊರಗಿನ ಫ್ಲ್ಯಾಶ್ ಕೂತಿದೆ ಎಂದು ಕ್ಯಾಮೆರಾ ತಿಳಿದು ತನ್ನದನ್ನು ಎತ್ತುವುದೇ ಇಲ್ಲ. ಯಾವುದಾದರೂ ಫ್ಲ್ಯಾಶನ್ನು ಅಲ್ಲಿಗೆ ಹತ್ತಾರು ಸಲ ತೂರಿಸಿ ತೆಗೆಯಿರಿ, ಗಾಳಿ ಹೊಡೆಯಿರಿ. ಹಳಿಯೊಳಗೆ ಟೂತ್‌ಪಿಕ್ಕನ್ನು ಮೆಲ್ಲಗೆ ಆಡಿಸಿದರೂ ಸ್ವಿಚ್ ಬಿಟ್ಟುಕೊಳ್ಳಬಹುದು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಕ್ಯಾನನ್ 3000ಡಿ, 200ಡಿ II ಮಾದರಿಗಳಲ್ಲಿ ಫ್ಲ್ಯಾಶನ್ನು ಕೈಯಿಂದಲೇ ಎತ್ತಬೇಕು. ಬಟನ್ ಇಲ್ಲ ಎಂದು ಸುಮ್ನೆ ಗಾಬರಿಯಾಗಬೇಡಿ.

ಇಷ್ಟಾದರೂ ಏಳದಿದ್ದರೆ ಸ್ಪ್ರಿಂಗೋ ಕೊಕ್ಕೆಯೋ ಹೋಗಿದೆ, ಸರ್ವಿಸ್‌ಗೆ ಕೊಡಿ. ಆದರೆ ಮದುವೆಗೆ ಮುಂಚೆ ಕೊಡಬೇಡಿ, ವಾರದೊಳಗೆ ಕೈಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಗೆಳೆಯರ ಹತ್ತಿರ ಹೊರಗಿನ ಫ್ಲ್ಯಾಶ್ ಕೇಳಿ ತನ್ನಿ. ನಿಮ್ಮ ಕ್ಯಾಮೆರಾಗೆ ಹೊಂದುತ್ತದಾ ಎಂದು ಮನೆಯಲ್ಲೇ ಹಾಕಿ ನೋಡಿ. ಛತ್ರಕ್ಕೆ ಅದೇ ಸರಿ. ಉದಾಹರಣೆಗೆ, ಕ್ಯಾನನ್ 1500ಡಿಯ ಒಳಗಿನ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಬೆಳಕಿನ ಶಕ್ತಿಯ ಅಳತೆ, ಐಎಸ್‌ಒ 100ರಲ್ಲಿ (ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 9.2 ಮೀಟರ್. ಲೆನ್ಸ್ ಎಷ್ಟು ತೆರೆದಿದೆ ಎಂದು ಹೇಳುವ ಎಫ್ ಸಂಖ್ಯೆಯಿಂದ ಅದನ್ನು ಭಾಗಿಸಬೇಕು, ಎಫ್/3.5ಕ್ಕೆ ಲೆಕ್ಕ ಹಾಕಿದರೆ ಬೆಳಕು ಮುಟ್ಟುವುದು ಎರಡೂವರೆ ಮೀಟರಿನಷ್ಟು ದೂರ. ಹೊರಗಿನ ಫ್ಲ್ಯಾಶನ್ನು ಚಾವಣಿ ಕಡೆ ತಿರುಗಿಸಿದರೆ ತಂಗಿಯ ಮುಖಕ್ಕೆ ಮೆತ್ತನೆಯ ಬೆಳಕು ಬೀಳುತ್ತದೆ, ಹಿಂದೆ ಗಾಢ ನೆರಳೂ ಇರುವುದಿಲ್ಲ.

ಟಿಕ್ ಬಂತೋ ಇಲ್ಲವೋ, ಕ್ಯಾಮೆರಾ ಯಾವ ಮಾದರಿ ಎಂದು ಕೆಳಗೆ ತಿಳಿಸಿ. ಮದುವೆಗೆ ಇನ್ನೂ ದಿನವಿದೆ, ನೋಡೋಣ.